ಜವಾರಿ ತೊಗರಿಗೆ ಡಿಎನ್‌ಎ ಮಾರ್ಕರ್ ಹುಡುಕಿದ್ದು

ತೊಗರಿಯಲ್ಲಿ ಪ್ರೈಮರ್ (ಡಿಎನ್‌ಎಯ ಬೇಕಾದ ಜಾಗಕ್ಕೇ ಹೋಗಿ ಅಂಟುವ ಸಣ್ಣ ಡಿಎನ್‌ಎ ತುಂಡು) ಮಾಡುವುದು ಸುಲಭ. ಒಂದು ತಳಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತೋರಿಸುವ ಪ್ರೈಮರ್ ಸಿಗುವುದೇ ಕಷ್ಟ. ನಾವು ಬೆಳೆಯುವ ತೊಗರಿಗಳ ನಡುವೆ ಡಿಎನ್‌ಎ ವ್ಯತ್ಯಾಸ ಕಡಿಮೆ. ಹತ್ತಾರು ಸ್ಯಾಂಪಲ್ ಓಡಿಸಿದರೂ ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಎಲ್ಲಾ ಬ್ಯಾಂಡ್ (ಡಿಎನ್‌ಎ ಪಟ್ಟೆ) ಒಂದೇ ಗೆರೆಯಲ್ಲಿ ಬಂದು ನಿಲ್ಲುತ್ತವೆ.

ಲಿಂಗಸುಗೂರು, ಮಸ್ಕಿ ಕಡೆಯ ರೈತರಿಂದ ಜವಾರಿ ಬೀಜ ತಂದು ರಾಯಚೂರಿನಲ್ಲಿ ನಾನು ತಳಿ ಗುರುತಿಸುವ ಇಂಥ ಡಿಎನ್‌ಎ ಗುರುತು, ಅಂದರೆ ಮಾರ್ಕರ್ ಹುಡುಕುವ ಕೆಲಸ ಮಾಡಿದೆ. ತೊಗರಿಯ ಜೀನೋಮ್ (ಪೂರ್ತಿ ಡಿಎನ್‌ಎ ಬರಹ) 2011ರಲ್ಲೇ ಹೊರಬಂದಿದೆ. ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ನೇತೃತ್ವದ ತಂಡ 'ಆಶಾ' ತಳಿಯಿಂದ ಅದನ್ನು ಓದಿತ್ತು. ಅದರಲ್ಲಿ ಎಜಿಎಜಿಎಜಿ ಥರ ಡಿಎನ್‌ಎ ಅಕ್ಷರಗಳ ಒಂದೇ ತುಂಡು ಮತ್ತೆ ಮತ್ತೆ ಬರುವ ಜಾಗಗಳನ್ನು ಕಂಪ್ಯೂಟರ್ ಹುಡುಕಿಕೊಡುತ್ತದೆ. ಇವೇ ಮೈಕ್ರೋಸ್ಯಾಟಲೈಟ್‌. ತುಂಡು ಎಷ್ಟು ಸಲ ಬರುತ್ತದೆ ಅನ್ನುವುದು ಗಿಡದಿಂದ ಗಿಡಕ್ಕೆ ಬದಲಾಗಬಹುದು, ನಮಗೆ ಬೇಕಾಗಿದ್ದು ಅದೇ. ನಾನು ಉದ್ದನೆಯ ರಿಪೀಟ್‌ಗಳನ್ನೇ ಆರಿಸಿಕೊಂಡೆ. ಗಿಡ್ಡವು ಬದಲಾಗುವುದು ಕಡಿಮೆ. ಆರಿಸಿದ ಪ್ರತಿ ರಿಪೀಟ್‌ನ ಎರಡೂ ಬದಿಗೆ ಸುಮಾರು 20 ಅಕ್ಷರದ ಪ್ರೈಮರ್ ಕೂರಿಸಿದೆ.

ಎಲೆಯ ವಿಷಯದಲ್ಲಿ ಒಂದು ಮಾತು. ಬಲಿತ ತೊಗರಿ ಎಲೆ ಅರೆದರೆ ಅದರಲ್ಲಿರುವ ಫಿನಾಲ್ ಅನ್ನುವ ರಾಸಾಯನಿಕಗಳಿಂದ ಡಿಎನ್‌ಎ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಪಿಸಿಆರ್ (ಎರಡು ಪ್ರೈಮರ್ ನಡುವಿನ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡುವ ವಿಧಾನ) ಕೆಲಸ ಮಾಡುವುದಿಲ್ಲ. ಟ್ರೇಯಲ್ಲಿ ಬೀಜ ಹಾಕಿ ಎಳೆ ಎಲೆ ತಗೊಳ್ಳಿ. ಡಿಎನ್‌ಎ ಬಿಡಿಸುವ ಸಿಟಿಎಬಿ ದ್ರಾವಣಕ್ಕೆ, ಕಂದಾಗುವುದನ್ನು ತಡೆಯುವ ಪಿವಿಪಿ, ಮರ್ಕ್ಯಾಪ್ಟೋಎಥನಾಲ್ ಸೇರಿಸಿ, ಅರೆದ ಎಲೆ ಹಾಕಿ 65 ಡಿಗ್ರಿಯಲ್ಲಿ ಇಡಿ. ಕ್ಲೋರೋಫಾರ್ಮ್ ಹಾಕಿ ಬೇರ್ಪಡಿಸಿದ ಮೇಲೆ ಮೇಲಿನ ತಿಳಿಯನ್ನು ತೆಗೆದು ತಣ್ಣಗಿನ ಐಸೋಪ್ರೊಪನಾಲ್ ಹಾಕಿ ಟ್ಯೂಬ್ ಮೆಲ್ಲಗೆ ತಿರುಗಿಸಿದಾಗ ಬಿಡಿಸಿದ ಹತ್ತಿಯ ಎಳೆಯ ಹಾಗೆ ಬಿಳಿಯದೊಂದು ತೇಲಿ ಬರುತ್ತದೆ. ಅದೇ ಡಿಎನ್‌ಎ, ಬೆಳ್ಳಗಿದ್ದರೆ ಅರ್ಧ ಕೆಲಸ ಆಯ್ತು.

ಎರಡೇ ಅಕ್ಷರದ ವ್ಯತ್ಯಾಸ ಸಾದಾ ಅಗರೋಸ್ ಜೆಲ್‌ನಲ್ಲಿ ಕಾಣುವುದಿಲ್ಲ. ಪಾಲಿಅಕ್ರಿಲಮೈಡ್ ಜೆಲ್ ಓಡಿಸಿ ಬ್ಯಾಂಡ್ ಕಾಣಲು ಬೆಳ್ಳಿಯ ಲವಣದಿಂದ ಬಣ್ಣ ಹಾಕಬೇಕು. ಇಲ್ಲಿ ನೀರಿನದೇ ತಲೆನೋವು. ಬೋರ್ ನೀರಿನಲ್ಲಿ ಕ್ಲೋರೈಡ್ ಇದ್ದರೆ ಬೆಳ್ಳಿ ಅದರ ಜೊತೆ ಸೇರಿ ಜೆಲ್ ಮಬ್ಬಾಗುತ್ತದೆ. ತಟ್ಟೆ ತೊಳೆಯುವ ಕೊನೇ ನೀರು ಕೂಡ ಡಿಸ್ಟಿಲ್ಡ್ ಆಗಿರಲಿ. ಇನ್ನೊಂದು, ಎರಡಕ್ಷರದ ರಿಪೀಟ್‌ಗಳಲ್ಲಿ ಮುಖ್ಯ ಬ್ಯಾಂಡಿನ ಕೆಳಗೆ ತೆಳು ನೆರಳು ಬ್ಯಾಂಡ್‌ಗಳು ಬರುತ್ತವೆ. ಅವನ್ನು ಬೇರೆ ತಳಿಯ ಗುರುತು ಅಂತ ಎಣಿಸಬಾರದು.

ನನಗೆ ಒಪ್ಪಿಗೆಯಾಗದ ಒಂದು ರೂಢಿ ಇದೆ. ಸ್ಯಾಂಪಲ್‌ಗಳ ಜೊತೆ ಕಾಡು ತೊಗರಿ ಸೇರಿಸಿಬಿಟ್ಟರೆ ಬಹುಪಾಲು ಪ್ರೈಮರ್ ವ್ಯತ್ಯಾಸ ತೋರಿಸುತ್ತವೆ, ವರದಿಯೂ ಚೆನ್ನಾಗಿ ಕಾಣುತ್ತದೆ. ಆದರೆ ಕಾಡು ತೊಗರಿಯನ್ನು ಬಿಟ್ಟು ನೋಡಿದರೆ ಉಳಿದವೆಲ್ಲ ಒಂದೇ! ರೈತರ ಬೀಜ ಗುರುತಿಸಲು ಅಂಥ ಮಾರ್ಕರ್ ಸುಮ್ನೆ. ಹಾಗಾಗಿ ಬೆಳೆಯುವ ತಳಿಗಳ ನಡುವೆ ಬೇರೆ ಬ್ಯಾಂಡ್ ತೋರಿಸಿದವನ್ನಷ್ಟೇ ಇಟ್ಟುಕೊಂಡೆ. ಪಟ್ಟಿ ಚಿಕ್ಕದಾಯ್ತು, ಬೇಸರವಿಲ್ಲ.

"ನಮ್ಮಪ್ಪನ ಕಾಲದ ಬೀಜಾರೀ ಮೇಡಂ, ಎಲ್ಲಾ ಒಂದೇ ಐತಿ" ಅಂದಿದ್ದರು ಮಸ್ಕಿ ಕಡೆಯ ಒಬ್ಬರು. ಅವರ ಬೀಜದಿಂದ ಬಂದ ಗಿಡಗಳ ಎಲೆಯನ್ನು ಒಟ್ಟಿಗೆ ಅರೆಯದೆ, ಒಂದೊಂದರ ಡಿಎನ್‌ಎಯನ್ನೂ ಜೆಲ್‌ನ ಬೇರೆ ಬೇರೆ ಗುಳಿಗೆ ಹಾಕಿದೆ. ಕೆಲವದರಲ್ಲಿ ಎರಡು ಬ್ಯಾಂಡ್ ಜೊತೆಯಾಗಿ ಬಂದವು: ಒಂದು ಜವಾರಿಯದ್ದು, ಇನ್ನೊಂದು ಹೋಲಿಕೆಗೆ ಇಟ್ಟಿದ್ದ ಟಿಎಸ್ 3ಆರ್ ಎಂಬ ಸುಧಾರಿತ ತಳಿಯ ಎತ್ತರಕ್ಕೇ. ತೊಗರಿ ಹೂವಿಗೆ ಜೇನುಹುಳ ಬರುತ್ತವೆ ಅಲ್ವಾ, ಪಕ್ಕದ ಹೊಲದ ಪರಾಗ ತರುತ್ತವೆ. ಎಲ್ಲಾ ಎಲೆ ಸೇರಿಸಿ ಅರೆದಿದ್ದರೆ ಯಾವ ಗಿಡ ಮಿಶ್ರ ಅನ್ನುವುದು ಗೊತ್ತೇ ಆಗುತ್ತಿರಲಿಲ್ಲ.

ಮುಂದಿನ ಸಲ ಅಂಚಿನ ಸಾಲು ಬಿಟ್ಟು ಹೊಲದ ನಡುವಿನ ಗಿಡಗಳಿಂದ ಬೀಜ ಎತ್ತಿಡಿ ಅಂತ ಅವರಿಗೆ ಹೇಳಿದೆ. ಪೂರ್ತಿ ತಡೆಯಲ್ಲ, ಬೆರಕೆ ಕಡಿಮೆಯಾಗುತ್ತದೆ.