ದೇವಿಮನೆ ಘಟ್ಟದಲ್ಲಿ ಬ್ರೇಕ್ ಹೋದ ದಿನ

ನಮ್ಮ ಕ್ಯಾಂಪಿಂಗ್ ಟ್ರೇಲರ್ ಜೂನ್‌ನಿಂದ ನವೆಂಬರ್‌ವರೆಗೆ ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತಿತ್ತು. ಶಿರಸಿಯ ಮಳೆಗಾಲದಲ್ಲಿ ಆರು ತಿಂಗಳು ಬಳಸದೆ ಬಿಟ್ಟ ಕಬ್ಬಿಣ ಏನಾಗುತ್ತದೆ ಅಂತ ಮನೆಯಲ್ಲಿ ಹಾರೆ, ಕತ್ತಿ ಇರುವವರಿಗೆಲ್ಲ ಗೊತ್ತು. ಹೊರಡುವ ಹಿಂದಿನ ದಿನ ಟೈರಿಗೆ ಗಾಳಿ ಹೊಡೆಸಿದೆ, ಹಿಂದಿನ ಲೈಟು ಹತ್ತುತ್ತದೆಯೋ ನೋಡಿದೆ, ಕೊಂಡಿಗೆ ಗ್ರೀಸ್ ಹಚ್ಚಿದೆ. ಬ್ರೇಕಿನ ಕೇಬಲ್ ಮಾತ್ರ ಎಳೆದು ನೋಡಲಿಲ್ಲ. ಘಟ್ಟದಲ್ಲಿ ಆದದ್ದಕ್ಕೆಲ್ಲ ಬುಡ ಅಲ್ಲೇ ಇತ್ತು.

ಕುಮಟಾ ಹತ್ತಿರ ಕಾಗಾಲದಲ್ಲಿ ಅಕ್ಕನ ಮನೆ. ಅವರ ತೆಂಗಿನ ತೋಟದಲ್ಲಿ ಎರಡು ರಾತ್ರಿ ಟೆಂಟ್ ಬಿಚ್ಚಿ ಇರುವುದು ಅಂತ ಡಿಸೆಂಬರ್‌ನಲ್ಲಿ ಹೊರಟೆವು. ಹೆಂಡತಿ, ಮಗಳು, ಹೆಂಡತಿಯ ತಮ್ಮ, ನಾನು. ಐದು ಗೇರಿನ ಡೀಸೆಲ್ ಜೀಪು, ಅದರ ಹಿಂದೆ ಟ್ರೇಲರ್. ಟೆಂಟ್ ಪೆಟ್ಟಿಗೆ, ಹಾಸಿಗೆ, ಗ್ಯಾಸ್, ಪಾತ್ರೆ, ನೀರಿನ ಟ್ಯಾಂಕು ಎಲ್ಲ ಸೇರಿ ಟ್ರೇಲರ್ ತೂಕ 650 ಕೆಜಿ. ಜೀಪು, ಜನ ಸೇರಿಸಿದರೆ ಒಟ್ಟು 2,400 ಕೆಜಿ ಮೇಲೆ.

ಈ ಟ್ರೇಲರಿನ ಬ್ರೇಕಿಗೂ ಜೀಪಿನ ಪೆಡಲಿಗೂ ಸಂಬಂಧವಿಲ್ಲ. ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ. ಆ ನೂಕಿಗೆ ಕೊಂಡಿಯ ಹಿಂದಿನ ದಂಡ ಒಳಗೆ ಸರಿದು ಕೇಬಲ್ ಎಳೆಯುತ್ತದೆ, ಗಾಲಿಯ ಡ್ರಮ್ಮಿನೊಳಗೆ ಲೈನರ್, ಅಂದರೆ ಉಜ್ಜಿ ನಿಲ್ಲಿಸುವ ಪಟ್ಟಿ, ಹಿಡಿಯುತ್ತದೆ. ಓವರ್‌ರನ್ ಬ್ರೇಕ್ ಅಂತ ಹೆಸರು. ಬಯಲು ರಸ್ತೆಗೆ ಬಹಳ ಒಳ್ಳೆಯ ವ್ಯವಸ್ಥೆ. ಘಟ್ಟ ಇಳಿಯುವಾಗ ಮಾತ್ರ ನೂಕು ನಿಲ್ಲುವುದೇ ಇಲ್ಲ, ಹಾಗಾಗಿ ಲೈನರ್ ಉದ್ದಕ್ಕೂ ಸವೆಯುತ್ತಲೇ ಇರುತ್ತದೆ, ಕಾಯುತ್ತಲೇ ಇರುತ್ತದೆ.

ರಾಗಿಹೊಸಳ್ಳಿ, ಬಂಡಲ ದಾಟಿ ದೇವಿಮನೆಯಲ್ಲಿ ಕಾಣಿಕೆ ಹಾಕಿ ಇಳಿಯಲು ಶುರು ಮಾಡಿದೆ. ಮೂರನೇ ಗೇರು, ಕಾಲು ಬ್ರೇಕ್ ಮೇಲೆ. ಜೀಪು ಒಂದನ್ನೇ ತಂದಾಗ ಈ ಘಟ್ಟವನ್ನು ನೂರಾರು ಸಲ ಹಾಗೆಯೇ ಇಳಿದಿದ್ದೇನೆ. ಮೂರು ತಿರುವು ಕಳೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ಭಾವಮೈದ, "ಭಾವಾ, ಸುಟ್ಟ ವಾಸನೆ ಬತ್ತಾ ಇದ್ದು" ಅಂದ. ಮುಂದೆ ಒಂದು ಲಾರಿ ಹೋಗುತ್ತಿತ್ತು, ಅದರದ್ದೇ ಇರಬೇಕು ಅಂದುಕೊಂಡೆ. ಆಗಲೇ ನಿಲ್ಲಿಸಬೇಕಿತ್ತು. ಮುಂದಿನ ತಿರುವಿನಲ್ಲಿ ಪೆಡಲ್ ಮೆತ್ತಗಾಯಿತು. ಅದರಾಚೆಯ ಇಳಿಜಾರಿನಲ್ಲಿ ನೆಲಕ್ಕೆ ಹೋಗಿ ಕೂತಿತು. ಮುಳ್ಳು ನಲವತ್ತರ ಹತ್ತಿರ.

ನಾನು ಮಾಡಿದ ಮೊದಲ ಕೆಲಸ ತಪ್ಪು. ಗಾಬರಿಯಲ್ಲಿ ಬ್ರೇಕಿನ ಜೊತೆ ಕ್ಲಚ್ಚನ್ನೂ ತುಳಿದೆ. ಇಂಜಿನ್ನಿನ ಹಿಡಿತ ತಪ್ಪಿದ ಕೂಡಲೇ ಜೀಪು ಮುಂದಕ್ಕೆ ನೆಗೆಯಿತು, ಹಿಂದಿನಿಂದ ಟ್ರೇಲರ್ ದೂಡಿದ್ದು ಬೆನ್ನಿಗೇ ತಾಗಿದಂತಾಯಿತು. ಆ ಎರಡು ಸೆಕೆಂಡು ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಕ್ಲಚ್ ಒತ್ತಿಯೇ ಇದ್ದುದರಿಂದ ಎಕ್ಸಿಲರೇಟರ್ ಒಮ್ಮೆ ತುಳಿದು ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಇಂಜಿನ್ ಕೂಗಿಕೊಂಡಿತು, ಆದರೆ ಹಿಡಿಯಿತು. ಪೆಡಲ್ ಬೇಗ ಬೇಗ ನಾಲ್ಕೈದು ಸಲ ಪಂಪ್ ಮಾಡಿದೆ, ಸ್ವಲ್ಪ ಮೇಲೆ ಬಂದ ಹಾಗಾಗಿ ಮತ್ತೆ ಹೋಯಿತು. ಹೆಡ್‌ಲೈಟ್ ಹಾಕಿ ಹಾರ್ನ್ ಬಿಡದೆ ಒತ್ತಿದೆ. ಕೀ ಮುಟ್ಟಲಿಲ್ಲ. ಇಂಜಿನ್ ಆಫ್ ಮಾಡಿದರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಕೀ ಪೂರ್ತಿ ಹಿಂದೆ ತಿರುಗಿದರೆ ಸ್ಟೀರಿಂಗೇ ಲಾಕ್ ಆಗಬಹುದು.

ಹ್ಯಾಂಡ್ ಬ್ರೇಕ್ ಕೇಬಲಿನದು, ಬ್ರೇಕ್ ಆಯಿಲ್ ಹೋದರೂ ಅದು ಇರುತ್ತದೆ. ಆದರೆ ಅದು ಹಿಡಿಯುವುದು ಜೀಪಿನ ಹಿಂದಿನ ಗಾಲಿಗಳನ್ನು ಮಾತ್ರ. ಒಮ್ಮೆಲೇ ಜಗ್ಗಿದರೆ ಆ ಗಾಲಿಗಳು ಜಾಮ್ ಆಗಿ, ಟ್ರೇಲರ್ ನೂಕಿ ಜೀಪನ್ನೇ ಅಡ್ಡ ಮಾಡಿಬಿಡುತ್ತದೆ. ಅದಕ್ಕೆ ತುದಿಯ ಗುಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದೇ ಸ್ವಲ್ಪ ಎಳೆದು, ಬಿಟ್ಟು, ಮತ್ತೆ ಎಳೆದೆ. ನೇರ ಇದ್ದಲ್ಲಿ ಎಳೆಯುವುದು, ತಿರುವಿನಲ್ಲಿ ಬಿಡುವುದು. ವೇಗ ಇಪ್ಪತ್ತಕ್ಕೆ ಇಳಿದ ಮೇಲೆ ಒಂದನೇ ಗೇರು ಬಿತ್ತು. ಅಷ್ಟರಲ್ಲಿ ಎಡಗಡೆ ದರೆ ಬಂತು, ಅದರ ಬುಡದಲ್ಲಿ ರಸ್ತೆ ಕೆಲಸಕ್ಕೆ ಸುರಿದ ಜಲ್ಲಿ ರಾಶಿ. ಎಡಗಾಲಿಗಳನ್ನು ಅದರ ಮೇಲೆ ಹತ್ತಿಸಿದೆ. ಜಲ್ಲಿಯಲ್ಲಿ ಗಾಲಿ ಹೂತು ಗಾಡಿ ನಿಂತಿತು. ಭಾವಮೈದ ಬಾಗಿಲು ತೆಗೆದು ಹಾರಿ, ಆರೂ ಗಾಲಿಗೆ ಕಲ್ಲು ಕೊಟ್ಟ. ಮಗಳನ್ನು ಅಮ್ಮನ ಜೊತೆ ಗಾಡಿಯಿಂದ ದೂರ, ಮೇಲ್ಗಡೆ ಕಳಿಸಿದೆ.

ಟ್ರೇಲರಿನ ಎಡಗಾಲಿಯಿಂದ ನೀಲಿ ಹೊಗೆ ಏಳುತ್ತಿತ್ತು. ಡ್ರಮ್ ಹತ್ತಿರ ಕೈ ಒಯ್ಯಲು ಆಗದಷ್ಟು ಝಳ. ಬಲಗಡೆಗೆ ಹೋಗಿ ನೋಡಿದರೆ ಆ ಡ್ರಮ್ ತಣ್ಣಗಿತ್ತು! ಅಂಗೈ ಇಟ್ಟರೆ ಬೆಳಗಿನ ಇಬ್ಬನಿಯ ತಂಪೇ ಇನ್ನೂ ಉಳಿದಂತಿತ್ತು. ಆಗ ವಿಷಯ ಅರ್ಥವಾಯಿತು. ಬಲಗಡೆಯ ಕೇಬಲ್ ಮಳೆಗಾಲದಲ್ಲಿ ತನ್ನ ಕೊಳವೆಯೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಟ್ರೇಲರಿನ ಬ್ರೇಕೆಲ್ಲ ಎಡಗಾಲಿ ಒಂದರದ್ದೇ. ಅದು ಕಾದು ಲೈನರ್ ಜಾರತೊಡಗಿದ ಮೇಲೆ ಉಳಿದ ಭಾರವೆಲ್ಲ ಜೀಪಿನ ಬ್ರೇಕಿಗೆ ಬಂದಿತ್ತು.

ಎಷ್ಟು ಭಾರ ಅಂತ ಆಮೇಲೆ ಲೆಕ್ಕ ಹಾಕಿದೆ. 2,400 ಕೆಜಿ ಗಾಡಿ 100 ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖಕ್ಕೆ 30 ಡಿಗ್ರಿಯ 8 ಲೀಟರ್ ನೀರು ಕುದಿಯುವ ಹದಕ್ಕೆ ಬರುತ್ತದೆ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಕುಮಟಾ ಕಡಲ ದಂಡೆಯಲ್ಲಿ. ಒಂದು ಬಚ್ಚಲ ಹಂಡೆಯಷ್ಟು ನೀರು ಕಾಯಿಸುವ ಬೆಂಕಿಯನ್ನು ಸಣ್ಣ ಗೇರಿಗೆ ಹಾಕಿ ಇಂಜಿನ್ನಿಗೆ ಹಂಚದೆ ಬ್ರೇಕಿನ ಮೇಲೇ ಹಾಕಲು ಹೊರಟಿದ್ದೆ.

ಮುಂದೆ ಹೋಗಿದ್ದ ಲಾರಿಯ ಚಾಲಕರು ಹಾರ್ನ್ ಕೇಳಿ ನಿಲ್ಲಿಸಿ ನಡೆದು ಬಂದರು. ನಾನು ನೀರಿನ ಕ್ಯಾನ್ ಹಿಡಿದು ಡ್ರಮ್ಮಿನತ್ತ ಹೊರಟಿದ್ದೆ. "ನೀರು ಹಾಕ್ಬೇಡಿ ಮಾರಾಯ್ರೆ, ಡ್ರಮ್ ಸೀಳ್ತದೆ. ತನ್ನಷ್ಟಕ್ಕೆ ಆರಲಿ" ಅಂದರು. ಕಲ್ಲು ಗಟ್ಟಿ ಕೂತಿದೆಯೇ ನೋಡಿ ಹ್ಯಾಂಡ್ ಬ್ರೇಕ್ ಬಿಡಿಸಿದರು, ಕಾದ ಡ್ರಮ್ಮಿಗೆ ಲೈನರ್ ಅಂಟಿಕೊಳ್ಳುತ್ತದಂತೆ. ಯಾವ ಗೇರಿನಲ್ಲಿ ಇಳಿಯುತ್ತಿದ್ದೆ ಅಂತ ಕೇಳಿದರು. ಹೇಳಿದೆ. "ಇಷ್ಟು ಭಾರ ಕಟ್ಟಿಕೊಂಡು ಇದೇ ಘಟ್ಟ ಮೂರನೇ ಗೇರಲ್ಲಿ ಹತ್ತೀರಾ?" ಅಂದರು.

ಮುಕ್ಕಾಲು ಗಂಟೆಯಲ್ಲಿ ಪೆಡಲ್ ತಾನಾಗಿಯೇ ಗಟ್ಟಿಯಾಯಿತು. ಇದನ್ನು ಒತ್ತಿ ಹೇಳುತ್ತೇನೆ: ಆಗ ಸರಿಯಾಯಿತು ಅಂತ ಹೊರಟುಬಿಡಬೇಡಿ. ಬ್ರೇಕ್ ಆಯಿಲ್ ಗಾಳಿಯ ಪಸೆ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ, ನೀರು ಹೀರಿದ ಮೇಲೆ ಆ ಮಿತಿ 140. ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ. ಪೆಡಲ್ ತುಳಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡ ಗಾಲಿಗೆ ಮುಟ್ಟುವುದಿಲ್ಲ. ತಣಿದಾಗ ಆವಿ ಮತ್ತೆ ನೀರಾಗುವುದರಿಂದ ಪೆಡಲ್ ಬರುತ್ತದೆ, ನಾಲ್ಕು ತಿರುವು ಇಳಿದರೆ ಮತ್ತೆ ಹೋಗುತ್ತದೆ.

ಅಕ್ಕನ ಗಂಡ ಕುಮಟಾದಿಂದ ಒಬ್ಬ ಮೆಕ್ಯಾನಿಕ್‌ನನ್ನು ಬೈಕಿನಲ್ಲಿ ಕರೆತಂದರು. ಆತ ತೆಗೆದ ಹಳೆ ಆಯಿಲ್ ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ನಾಲ್ಕು ವರ್ಷ ಬದಲಿಸಿರಲಿಲ್ಲ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕಿತ್ತು. ಡಾಟ್ 4 ತುಂಬಿ, ಹಿಂದಿನ ಎಡಗಾಲಿಯಿಂದ ಶುರು ಮಾಡಿ ನಾಲ್ಕೂ ಕಡೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆದ. ಟ್ರೇಲರನ್ನು ಆ ದಿನ ನಾನು ಎಳೆಯಲಿಲ್ಲ. ಸಾಮಾನೆಲ್ಲ ಪಿಕಪ್ಪಿಗೆ ಹಾಕಿ, ಖಾಲಿ ಟ್ರೇಲರನ್ನು ಅಲ್ಲೇ ಗಾಲಿಗೆ ಕಲ್ಲು ಕೊಟ್ಟು ಬಿಟ್ಟು, ಮರುದಿನ ಕೇಬಲ್ ಹೊಸದು ಹಾಕಿಸಿ ತಂದೆವು.

ಈಗ ಮಳೆಗಾಲ ಮುಗಿದ ಕೂಡಲೇ ಟ್ರೇಲರಿನ ಒಂದೊಂದೇ ಗಾಲಿಗೆ ಜಾಕ್ ಕೊಟ್ಟು ಎತ್ತಿ, ಭಾವಮೈದನಿಗೆ ಟ್ರೇಲರಿನ ಹ್ಯಾಂಡ್ ಬ್ರೇಕ್ ಎಳೆಯಲು ಹೇಳಿ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ನೀರಿನ ಟ್ಯಾಂಕು ಖಾಲಿ ಒಯ್ದು ಕಾಗಾಲದಲ್ಲಿ ತುಂಬಿಸಿಕೊಳ್ಳುತ್ತೇನೆ. ದೇವಿಮನೆಯಲ್ಲಿ ಎರಡನೇ ಗೇರಿಗೆ ಹಾಕಿದ ಮೇಲೆಯೇ ಇಳಿಯಲು ಶುರು. ವೇಗ ಏರಿದರೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಪೂರ್ತಿ ಬಿಡುತ್ತೇನೆ, ಸುಮ್ಮನೆ ಕಾಲಿಟ್ಟು ಉಜ್ಜುವುದಿಲ್ಲ. ಅರ್ಧ ಘಟ್ಟದಲ್ಲಿ ಅಗಲ ಜಾಗ ಸಿಕ್ಕಿದಲ್ಲಿ ನಿಲ್ಲಿಸಿ, ಟ್ರೇಲರಿನ ಎರಡೂ ಡ್ರಮ್ಮಿಗೆ ಅಂಗೈ ಹಿಂಭಾಗ ಹತ್ತಿರ ಹಿಡಿದು ಝಳ ಸಮ ಇದೆಯೇ ಪರೀಕ್ಷಿಸುತ್ತೇನೆ. ಕಳೆದ ಸಲ ಘಟ್ಟದ ಕೆಳಗಿನ ಕತಗಾಲ ಮುಟ್ಟಿ ನಿಲ್ಲಿಸಿದಾಗ ಮಗಳೇ ಮೊದಲು ಇಳಿದು ಹೋಗಿ ನೋಡಿ ಬಂದಳು. ಎರಡೂ ಒಂದೇ ಬಿಸಿ, ಬೆಚ್ಚಗೆ ಅಂದಳು.