ದೇವಿಮನೆ ಘಟ್ಟ ಹತ್ತುವ ಪಿಕಪ್‌ಗೆ ಕೂಲರ್ ಹಾಕಿದ್ದು

ಕುಮಟಾದಲ್ಲಿ ನನ್ನದು ಮೈಕ್ ಸೆಟ್, ಲೈಟು, ಜನರೇಟರ್ ಬಾಡಿಗೆಗೆ ಕೊಡುವ ಕೆಲಸ. ನವೆಂಬರ್‌ನಿಂದ ಮೇವರೆಗೆ ಯಕ್ಷಗಾನ ಬಯಲಾಟದ ಸೀಸನ್. ಶಿರಸಿ, ಸಿದ್ದಾಪುರ ಕಡೆ ಆಟ ಇದ್ದರೆ ಮಧ್ಯಾಹ್ನ ಊಟ ಮಾಡಿ ಘಟ್ಟ ಹತ್ತುತ್ತೇವೆ. ಬೆಳಗಿನ ಜಾವ ಮಂಗಳ ಆದ ಮೇಲೆ ಸಾಮಾನು ತುಂಬಿಕೊಂಡು ಇಳಿಯುತ್ತೇವೆ. ಎಡಗಾಲಿನ ಮಂಡಿ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯುವುದು ಕಷ್ಟವಾಯಿತು. ಹಾಗಾಗಿ ಆಟೋಮೆಟಿಕ್ ಗೇರಿನ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡೆ. ಡೀಸೆಲ್ ಗಾಡಿ. ಜನರೇಟರ್, ಸ್ಪೀಕರ್, ಕಂಬ, ವೈರು ಎಲ್ಲ ಸೇರಿ 600 ಕಿಲೋ ಹತ್ತಿರ ಭಾರ ಬೀಳುತ್ತದೆ.

ಕುಮಟಾ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಮೇಲೆ. ಕತಗಾಲ ದಾಟಿದ ಮೇಲೆ ಶುರುವಾಗುವ ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಬಿದ್ದರೆ ಹದಿನೈದು ಇಪ್ಪತ್ತರ ಸ್ಪೀಡಿನಲ್ಲಿ ತೆವಳಬೇಕು. ಒಂದು ಫೆಬ್ರವರಿ ಮಧ್ಯಾಹ್ನ ಹಾಗೇ ತೆವಳುತ್ತಿದ್ದಾಗ ಡ್ಯಾಶ್‌ಬೋರ್ಡ್‌ನಲ್ಲಿ ಗೇರ್ ಆಯಿಲ್ ಬಿಸಿಯಾದ ದೀಪ ಹತ್ತಿತು. ಪಕ್ಕದಲ್ಲಿ ಕೂತಿದ್ದ ಲೈಟಿನ ಹುಡುಗ, "ಅಣ್ಣಾ, ಏನೋ ಸುಟ್ಟ ವಾಸನೆ" ಅಂದ. ಬದಿಗೆ ಹಾಕಿ ಎಂಜಿನ್ ಆಫ್ ಮಾಡಿಬಿಟ್ಟೆ. ಅದೇ ತಪ್ಪು ಅಂತ ಆಮೇಲೆ ಗೊತ್ತಾಯಿತು. ಇಂಥ ಹೊತ್ತಿನಲ್ಲಿ ಗೇರ್ 'ಪಿ'ಗೆ ಹಾಕಿ, ಎಂಜಿನ್ ಚಾಲೂ ಇಟ್ಟು, ಆಕ್ಸಿಲರೇಟರ್ ಸ್ವಲ್ಪ ಒತ್ತಿ 1200-1500 ಆರ್‌ಪಿಎಂನಲ್ಲಿ ಹಿಡಿಯಬೇಕು. ಆಗ ಪಂಪು ಆಯಿಲನ್ನು ತಿರುಗಿಸುತ್ತಲೇ ಇರುತ್ತದೆ, ಫ್ಯಾನೂ ಓಡುತ್ತದೆ, ಬಿಸಿ ಹೊರಗೆ ಹೋಗುತ್ತದೆ. ಆಫ್ ಮಾಡಿದರೆ ಬಿಸಿ ಒಳಗೇ ಕೂತುಬಿಡುತ್ತದೆ.

ಆಟೋಮೆಟಿಕ್ ಗಾಡಿಯಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಪ್ಲೇಟಿನ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ಎಟಿಎಫ್ (ಆಟೋಮೆಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಎನ್ನುವ ತೆಳು ಗೇರ್ ಆಯಿಲ್. ಒಂದು ಕಡೆಯ ರೆಕ್ಕೆ ಆಯಿಲನ್ನು ತಳ್ಳುತ್ತದೆ, ಆಯಿಲ್ ಇನ್ನೊಂದು ಕಡೆಯ ರೆಕ್ಕೆಯನ್ನು ತಿರುಗಿಸುತ್ತದೆ. ಸಪಾಟು ರಸ್ತೆಯಲ್ಲಿ ಎರಡೂ ಲಾಕ್ ಆಗಿ ಒಟ್ಟಿಗೆ ತಿರುಗುತ್ತವೆ. ಏರಿನಲ್ಲಿ ಭಾರ ಹೊತ್ತು ನಿಧಾನ ಹೋಗುವಾಗ ಲಾಕ್ ಬಿಟ್ಟು ಜಾರುತ್ತವೆ. ಆ ಜಾರಾಟವೆಲ್ಲ ಬಿಸಿಯಾಗಿ ಆಯಿಲ್ ಸೇರುತ್ತದೆ. ಕಂಪನಿಯಿಂದ ಬಂದ ಕೂಲರ್ ರೇಡಿಯೇಟರ್‌ನ ಒಳಗೇ ಇರುತ್ತದೆ. ಆದರೆ ಆ ಹೊತ್ತಿಗೆ ರೇಡಿಯೇಟರ್ ನೀರೇ 95 ಡಿಗ್ರಿ ಆಗಿರುತ್ತದೆ. ಅದು ಇನ್ನೆಷ್ಟು ತಣ್ಣಗೆ ಮಾಡೀತು?

ಅದಕ್ಕೇ ಗೇರ್ ಆಯಿಲ್‌ಗೆ ಗಾಳಿಯಲ್ಲಿ ತಣ್ಣಗಾಗುವ ಇನ್ನೊಂದು ಕೂಲರ್ ಹಾಕುವುದು ಅಂತ ನಿರ್ಧರಿಸಿದೆ. ಅದನ್ನು ತರಿಸುವ ಮೊದಲು ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತರಿಸಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ಗೇರ್ ಆಯಿಲ್‌ನ ಬಿಸಿ ಮೊಬೈಲ್‌ನಲ್ಲಿ ಕಾಣುತ್ತದೆ. ಹೊನ್ನಾವರ ಕಡೆ ಹೈವೇಯಲ್ಲಿ 87. ದೇವಿಮನೆ ದೇವಸ್ಥಾನದ ಹತ್ತಿರ 124. ಆಯಿಲ್ 120 ದಾಟಿ ಓಡುತ್ತಿದ್ದರೆ ಬೇಗ ಸಾಯುತ್ತದೆ. ಕೆಳಗೆ ಇಳಿಸಿ ನೋಡಿದಾಗ ಕೆಂಪಗಿರಬೇಕಾದ ಆಯಿಲ್ ಚಹಾ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೊದಲು ಅದನ್ನು ಬದಲಿಸಿದೆ. ಒಂದು ಸಲ ಇಳಿಸಿದರೆ ಎಲ್ಲ ಬರುವುದಿಲ್ಲ, ಕನ್ವರ್ಟರ್ ಒಳಗಿನದು ಅಲ್ಲೇ ಉಳಿಯುತ್ತದೆ. ಅದಕ್ಕೆ ವಾರ ಬಿಟ್ಟು ಇನ್ನೊಮ್ಮೆ ಇಳಿಸಿ ಹಾಕಿದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಎಟಿಎಫ್ಫೇ ಆಗಬೇಕು. ಅಂಗಡಿಯವ "ಎಲ್ಲ ಒಂದೇ" ಅಂದರೆ ಸುಮ್ನೆ ಎದ್ದು ಬನ್ನಿ.

ತಟ್ಟೆ ಜೋಡಿಸಿದ ಮಾದರಿಯ ಅಲ್ಯೂಮಿನಿಯಂ ಕೂಲರ್ ಆನ್‌ಲೈನ್‌ನಲ್ಲಿ ಬಂತು. ಒಂದು ಪಾಟಿಯಷ್ಟು ಅಗಲ. ಜೊತೆಗೆ ಪ್ಲಾಸ್ಟಿಕ್ ಕಡ್ಡಿಗಳು. ಅವುಗಳನ್ನು ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರ್‌ನ ಜಾಲರಿಯೊಳಗೆ ತೂರಿಸಿ ಕಟ್ಟಿ ಅಂತ ಚೀಟಿಯಲ್ಲಿ ಬರೆದಿತ್ತು. ನಮ್ಮ ಘಟ್ಟದ ಗುಂಡಿಗಳಲ್ಲಿ ಆ ಕಡ್ಡಿ ಉಜ್ಜಿ ಉಜ್ಜಿ ಕಂಡೆನ್ಸರನ್ನೇ ತೂತು ಮಾಡುತ್ತದೆ. ಅವುಗಳನ್ನು ಬಿಸಾಡಿ, ಭಾವನ ಗ್ಯಾರೇಜಿನಲ್ಲಿ ಕಬ್ಬಿಣದ ಪಟ್ಟಿಯಿಂದ ಎರಡು ಬ್ರಾಕೆಟ್ ಮಾಡಿದೆವು. ಹಳೆ ಟ್ಯೂಬ್ ಕತ್ತರಿಸಿ ರಬ್ಬರ್ ಪ್ಯಾಕಿಂಗ್ ಕೊಟ್ಟೆವು. ಕಂಡೆನ್ಸರ್‌ನಿಂದ ಒಂದು ಬೆರಳಿನಷ್ಟು ಮುಂದೆ, ಪೈಪಿನ ಬಾಯಿ ಮೇಲೆ ಬರುವಂತೆ ಕೂರಿಸಿದೆವು. ಬಾಯಿ ಕೆಳಗಿದ್ದರೆ ಒಳಗೆ ಗಾಳಿ ನಿಲ್ಲುತ್ತದೆ.

ಹೊಸ ಕೂಲರ್ ರೇಡಿಯೇಟರ್ ಆದ ಮೇಲೆ, ಆಯಿಲ್ ಗೇರ್‌ಬಾಕ್ಸ್‌ಗೆ ವಾಪಸ್ ಬರುವ ಪೈಪಿನಲ್ಲಿ ಇರಬೇಕು. ಎರಡು ಪೈಪಿನಲ್ಲಿ ವಾಪಸ್ ಬರುವುದು ಯಾವುದು? ಬಿಚ್ಚಿ ಆಯಿಲ್ ಚೆಲ್ಲಬೇಕಾಗಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದೆ. ಮೊದಲು ಬಿಸಿಯಾದದ್ದು ಹೋಗುವ ಪೈಪು, ಇನ್ನೊಂದು ಬರುವುದು. ಹೊಳೆಯುವ ಲೋಹದ ಮೇಲೆ ಈ ಗನ್ ಕಡಿಮೆ ತೋರಿಸುತ್ತದೆ. ಕರಿ ಇನ್ಸುಲೇಷನ್ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಹಿಡಿದರೆ ಸರಿ ಬರುತ್ತದೆ.

ಹೋಸ್ ಜೋಡಿಸುವಾಗ ಎಡವಟ್ಟು ಮಾಡಿಕೊಂಡೆ. ಕೂಲರ್ ಜೊತೆ ಬಂದ ಹೋಸ್ ಒಂದು ಗೇಣು ಕಡಿಮೆ ಬಿತ್ತು. ಸಂಜೆ ಆಗಿತ್ತು, ಮರುದಿನ ಹೆಗಡೆ ಊರಿನಲ್ಲಿ ಆಟ. ಪೇಟೆಗೆ ಹೋಗಿ "ಆಯಿಲ್ ಹೋಸ್ ಕೊಡಿ" ಅಂದೆ. ಅವರು ಕೊಟ್ಟರು, ನಾನು ತಂದೆ. ರೇಡಿಯೇಟರ್‌ನಿಂದ ಕೂಲರ್‌ಗೆ ಹೋಗುವ ಕಡೆ, ಬಂಪರ್ ಹಿಂದೆ ತಿರುವು ಇರುವಲ್ಲಿ ಅದನ್ನೇ ಹಾಕಿದೆ.

ಗಾಡಿಯನ್ನು ಪಿಟ್ ಮೇಲೆ ಸಪಾಟಾಗಿ ನಿಲ್ಲಿಸಿ ಲೆವೆಲ್ ನೋಡಿದೆವು. ನನ್ನ ಗೇರ್‌ಬಾಕ್ಸ್‌ಗೆ ಅಳೆಯುವ ಕಡ್ಡಿ ಇಲ್ಲ. ಎಂಜಿನ್ ಓಡುತ್ತಿರಬೇಕು, ಆಯಿಲ್ ಮ್ಯಾನ್ಯುಯಲ್ ಹೇಳಿದ ಬಿಸಿಗೆ ಬಂದಿರಬೇಕು. ಆಗ ಚೆಕ್ ಬೋಲ್ಟ್ ಬಿಚ್ಚಿದರೆ ನೂಲಿನಂತೆ ಸಣ್ಣಗೆ ಇಳಿಯಬೇಕು. ಸುಮಾರು 400 ಎಂಎಲ್ ಸೇರಿಸಬೇಕಾಯಿತು.

ಹೈವೇಯಲ್ಲಿ 81 ತೋರಿಸಿತು. ಖುಷಿಯೋ ಖುಷಿ. ಎರಡು ದಿನ ಬಿಟ್ಟು ಭಾರ ಹಾಕಿಕೊಂಡು ಘಟ್ಟ ಹತ್ತಿದೆ. 118, 123, 129. ಮೊದಲಿಗಿಂತ ಐದು ಡಿಗ್ರಿ ಜಾಸ್ತಿ! ಭಾವನಿಗೆ ಫೋನ್ ಮಾಡಿದರೆ, "ಭಾವ, ನೀವು ಹಾಕಿದ್ದು ಕೂಲರ್ರೋ ಹೀಟರ್ರೋ?" ಅಂತ ನಕ್ಕ.

ಏರಿನಲ್ಲೇ ಬದಿಗೆ ನಿಲ್ಲಿಸಿ ಗನ್ ಹಿಡಿದೆ. ರೇಡಿಯೇಟರ್‌ನಿಂದ ಹೊರಬರುವ ಕಡೆ 104, ಕೂಲರ್‌ನಿಂದ ಹೊರಬರುವ ಕಡೆ 46. ಆಹಾ, ಎಂಥ ಕೂಲರ್, 58 ಡಿಗ್ರಿ ಇಳಿಸಿದೆ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಗಾಡಿ ತೆವಳುತ್ತಿದೆ, ಗಾಳಿಯೇ ಇಲ್ಲ, ಆಯಿಲ್ ಅಷ್ಟು ತಣ್ಣಗಾಗಲು ಸಾಧ್ಯವೇ ಇಲ್ಲ. ಹಾಗೆ ತಣ್ಣಗಾಗಬೇಕಾದರೆ ಅದು ತೊಟ್ಟು ತೊಟ್ಟಾಗಿ ಹೋಗುತ್ತಿರಬೇಕು. ಟಾರ್ಚ್ ಹಿಡಿದು ಬಂಪರ್ ಸಂದಿಯಲ್ಲಿ ಬಗ್ಗಿ ನೋಡಿದೆ. ಪೇಟೆಯಿಂದ ತಂದ ಹೋಸ್ ತಿರುವಿನಲ್ಲಿ ಚಪ್ಪಟೆಯಾಗಿ ಮಡಚಿಕೊಂಡಿತ್ತು, ಬಾಳೆಪಟ್ಟೆ ಬಗ್ಗಿಸಿದ ಹಾಗೆ. ಬಟ್ಟೆ ಸುತ್ತಿ ಬೆರಳಲ್ಲಿ ಒತ್ತಿದರೆ ಮೆತ್ತಗೆ, ಹಪ್ಪಳದ ಹಿಟ್ಟಿನಂತೆ. ತಣ್ಣಗಿರುವಾಗ ಅದೇ ಹೋಸ್ ದುಂಡಗೆ, ಗಟ್ಟಿಯಾಗಿಯೇ ಇತ್ತು. ಅದಕ್ಕೇ ಗ್ಯಾರೇಜಿನಲ್ಲಿ ಯಾರಿಗೂ ಕಾಣಲಿಲ್ಲ, ಹೈವೇಯಲ್ಲೂ ತೊಂದರೆ ಕೊಡಲಿಲ್ಲ.

ಹುಬ್ಬಳ್ಳಿಯಿಂದ ಆಟೋಮೆಟಿಕ್ ಗೇರ್‌ಬಾಕ್ಸ್‌ಗೇ ಮಾಡಿದ ಹೋಸ್ ತರಿಸಿದೆ. ತಿರುವಿಗೆ ಒಂದು ಸ್ಟೀಲ್ ಎಲ್ಬೋ ಹಾಕಿದೆ. ಹೋಸನ್ನು ಗರಗಸದಲ್ಲಿ ಕೊಯ್ಯಬೇಡಿ, ರಬ್ಬರ್ ಪುಡಿ ಒಳಗೆ ಹೋಗುತ್ತದೆ. ಹರಿತವಾದ ಬ್ಲೇಡ್ ಸಾಕು. ಈಗ ಅದೇ ಜಾಗದಲ್ಲಿ ಒಳಗೆ ಹೋಗುವುದು 101, ಹೊರಬರುವುದು 87. ವ್ಯತ್ಯಾಸ ಕಡಿಮೆ, ಆದರೆ ಘಟ್ಟದ ತುದಿಯಲ್ಲಿ ಗೇರ್‌ಬಾಕ್ಸ್ 107.

ಅದರಲ್ಲಿ ಸ್ವಲ್ಪ ಪಾಲು ಕೂಲರ್‌ದಲ್ಲ, ನನ್ನ ಕೈಯದು. ಈಗ ಏರಿನಲ್ಲಿ 'ಡಿ'ಯಲ್ಲಿ ಬಿಡುವುದಿಲ್ಲ. ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಎರಡನೇ ಗೇರಿನಲ್ಲೇ ಹಿಡಿಯುತ್ತೇನೆ. ಎಂಜಿನ್ ಕೂಗುತ್ತದೆ, ಕೂಗಲಿ. ಜಾರಾಟ ಕಡಿಮೆಯಾಗುತ್ತದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಶೆಡ್ಡಿನ ನೆಲದ ಮೇಲೆ ಕೆಂಪು ಚುಕ್ಕೆಗಳು. ಕುಮಟಾದ ಉಪ್ಪುಗಾಳಿ ಹೋಸ್ ಬಿಗಿಯುವ ಕ್ಲಿಪ್ಪನ್ನು ತಿಂದಿತ್ತು. ಸ್ಕ್ರೂ ಇರುವ ಸಾದಾ ಕ್ಲಿಪ್ಪಿನ ಸೀಳುಗಳು ರಬ್ಬರನ್ನೂ ಕೊರೆದಿದ್ದವು. ಒಳಮೈ ನುಣ್ಣಗಿರುವ ಸ್ಟೇನ್‌ಲೆಸ್ ಕ್ಲಿಪ್ ಹಾಕಿದೆ. ಕಬ್ಬಿಣದ ಬ್ರಾಕೆಟ್ ಅಲ್ಯೂಮಿನಿಯಂಗೆ ತಾಗುವಲ್ಲಿ, ರಬ್ಬರ್ ಸರಿದು ಹೋದ ಜಾಗದಲ್ಲಿ, ಬಿಳಿ ಪುಡಿ ಕಟ್ಟಿತ್ತು. ಎರಡು ಲೋಹದ ನಡುವೆ ಉಪ್ಪುನೀರು ಸೇರಿದರೆ ಹಾಗೇ, ಅಲ್ಯೂಮಿನಿಯಂ ಕರಗುತ್ತದೆ. ನೈಲಾನ್ ವಾಷರ್ ಕೊಟ್ಟೆ. ಈಗ ವಾರಕ್ಕೊಮ್ಮೆ ಬಾವಿ ನೀರಿನಲ್ಲಿ, ಪೈಪಿನಿಂದ ಮೆತ್ತಗೆ ತೊಳೆಯುತ್ತೇನೆ. ಪ್ರೆಶರ್ ವಾಷ್‌ಗೆ ಜಾಲರಿ ಮಡಚುತ್ತದೆ.

ಕೂಲಂಟ್ ಡಬ್ಬಿಯನ್ನೂ ಆಗಾಗ ನೋಡುತ್ತೇನೆ. ಕಾರವಾರದ ಕಡೆಯ ಗೆಳೆಯನೊಬ್ಬನ ಗಾಡಿಯಲ್ಲಿ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಆಯಿಲೂ ಕೂಲಂಟೂ ಬೆರೆತಿದ್ದವು. ಡಬ್ಬಿ ಮುಚ್ಚಳ ತೆಗೆದರೆ ಒಳಗೆ ಥೇಟ್ ಸೋಲ್‌ಕಡಿ. ನೀರು ಸೇರಿದರೆ ಗೇರ್‌ಬಾಕ್ಸಿನ ಒಳಗಿನ ಪ್ಲೇಟ್‌ಗಳ ಅಂಟು ಬಿಡುತ್ತದೆ. ಅವನು ಇಡೀ ಗೇರ್‌ಬಾಕ್ಸ್ ಬಿಚ್ಚಿಸಬೇಕಾಯಿತು.

ಇನ್ನೊಂದು ಬಾಕಿ ಇದೆ. ಡಿಸೆಂಬರ್‌ನಲ್ಲಿ ಶಿರಸಿಯ ಚಳಿಯಲ್ಲಿ ಬೆಳಗಿನ ಜಾವ ಹೊರಟು ಘಟ್ಟ ಇಳಿಯುವಾಗ ಆಯಿಲ್ 55 ದಾಟುವುದೇ ಇಲ್ಲ, ಗೇರ್ ಬೀಳುವಾಗ ಸ್ವಲ್ಪ ಎಳೆದಂತೆ ಅನ್ನಿಸುತ್ತದೆ. ಸದ್ಯಕ್ಕೆ ಕೂಲರ್ ಮುಂದೆ ಅರ್ಧಕ್ಕೆ ರಟ್ಟು ಸಿಕ್ಕಿಸಿಕೊಂಡು ಬರುತ್ತೇನೆ. ತಣ್ಣಗಿದ್ದಾಗ ಆಯಿಲನ್ನು ಕೂಲರ್‌ಗೆ ಬಿಡದೆ ನೇರ ವಾಪಸ್ ಕಳಿಸುವ ಥರ್ಮೋಸ್ಟ್ಯಾಟ್ ವಾಲ್ವ್ ತರಿಸಿಟ್ಟಿದ್ದೇನೆ. ಮಳೆ ಹಿಡಿದು ಆಟ ನಿಂತ ಮೇಲೆ ಭಾವನ ಪಿಟ್ ಖಾಲಿ ಇರುವ ದಿನ ನೋಡಿ ಹಾಕಬೇಕು.