ಬೆಳಕಿಲ್ಲದ ಬಲ್ಬಿನ ಕೆಳಗೆ 72 ಮರಿ

"ಬೆಳಕ ಇಲ್ಲದ ಬಲ್ಬಿನ ಕೆಳಗ ಮರಿ ಹೊಕ್ಕಾವೇನಲೇ?" ಅಂತ ಗೆಳೆಯ ನಕ್ಕಿದ್ದ. ಮರಿ ತಂದುಕೊಟ್ಟವನಂತೂ, 250 ವ್ಯಾಟಿನ ಕೆಂಪು ಬಲ್ಬ್ ಬಿಟ್ಟರೆ ಬೇರೆ ಯಾವುದೂ ನಡೆಯಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದ. ಡಿಸೆಂಬರಿನ ಥಂಡಿಯಲ್ಲಿ, ಕಾವು ಮಾತ್ರ ಕೊಡುವ ಸೆರಾಮಿಕ್ ಹೀಟರ್ ಬಲ್ಬಿನ ಕೆಳಗೆ 72 ಗಿರಿರಾಜ ಕೋಳಿಮರಿ ಇಳಿಸಿದೆ. 69 ಉಳಿದವು. ಈಗ ಇಬ್ಬರೂ ಸುಮ್ನಿದ್ದಾರೆ.

ನಮ್ಮದು ಹಾನಗಲ್ ತಾಲೂಕಿನ ಹಳ್ಳಿ. ಹಿತ್ತಲಲ್ಲಿ ಹತ್ತಡಿ ಅಗಲದ ಒಂದು ತಗಡಿನ ಕೋಣೆ, ಅಷ್ಟೇ. ನೆಲಕ್ಕೆ ಹೊಟ್ಟಿನ ಚಿಂತೆಯಿಲ್ಲ, ನಮ್ಮ ಕಡೆ ಭತ್ತದ ಮಿಲ್ ಎಷ್ಟು ಬೇಕಾದರೂ ಇವೆ. ಚಿಂತೆ ಏನಿದ್ದರೂ ಕಾವಿನದು.

ಮೊದಲ ಬ್ಯಾಚಿನ ಕಥೆ ಹೇಳಲು ಈಗಲೂ ಮನಸ್ಸು ಬರಲ್ಲ. ರಾತ್ರಿ ಕರೆಂಟ್ ಹೋಯಿತು. ಮರಿ ಥಂಡಿಗೆ ಸಾಯ್ತಾವೆ ಅಂತ ಕಬ್ಬಿಣದ ಬಾಣಲೆಯಲ್ಲಿ ಇದ್ದಲು ಕೆಂಡ ಮಾಡಿ ಒಳಗಿಟ್ಟೆ. ಗಾಳಿ ಬರಬಾರದು ಅಂತ ಕಿಟಕಿಗೆ ತಾಡಪತ್ರಿ ಬಿಗಿದೆ. ಬೆಳಿಗ್ಗೆ ನೋಡಿದರೆ 50ರಲ್ಲಿ ನಾಲ್ಕೋ ಐದೋ ಜೀವಂತ. ಹೊಗೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ನಾನು ಒಳಗೆ ಮಲಗಿರಲಿಲ್ಲ, ಅದೊಂದು ಪುಣ್ಯ. ಹದಿನೆಂಟು ನೂರು ರೂಪಾಯಿಯಷ್ಟು ಮರಿ ಒಂದೇ ರಾತ್ರಿಗೆ ಹೋದವು.

ಎರಡನೇ ಸಲ ಎಲ್ಲರ ಹಾಗೆ ಕೆಂಪು ಬಲ್ಬ್. ಮರಿ ಚೆನ್ನಾಗೇ ಇದ್ದವು, ಆದರೆ ಅದನ್ನು ನೇತುಹಾಕಿದ್ದು ಸುತಳಿ ಹಗ್ಗದಲ್ಲಿ. ಇಲಿ ಕಡಿಯಿತೋ, ಬಿಸಿಗೆ ಸುಟ್ಟಿತೋ ಗೊತ್ತಿಲ್ಲ, ಹನ್ನೊಂದನೇ ದಿನ ಬೆಳಗಿನ ಜಾವ ಬಲ್ಬ್ ಹೊಟ್ಟಿನ ಮೇಲೆ ಬಿತ್ತು. ಹೊಟ್ಟು ಭಗ್ಗಂತ ಉರಿಯಲ್ಲ ನೋಡಿ, ಒಳಗೊಳಗೇ ಕನಲುತ್ತೆ. "ಏ, ಏನೋ ಸುಟ್ಟ ವಾಸ್ನಿ ಬರಾಕತ್ತೈತಿ, ನೋಡೋ" ಅಂತ ಅವ್ವ ಎಬ್ಬಿಸಿದಳು. ತಟ್ಟೆಯಗಲ ಕರಿ ಆಗಿತ್ತು, ಅದರ ಅಂಚು ಕೆಂಪಗೆ ಹರಿಯುತ್ತಿತ್ತು. ಎರಡು ಕೊಡ ನೀರು ಹೊಯ್ದೆ. ಇನ್ನರ್ಧ ಗಂಟೆ ತಡವಾಗಿದ್ದರೆ ಪಕ್ಕದ ಹುಲ್ಲಿನ ಬಣವೆಯೂ ಹೋಗ್ತಿತ್ತು.

ಅದರ ಮೇಲೆ ಬಿಲ್ಲು. 250 ವ್ಯಾಟ್ ಇಡೀ ದಿನ ಉರಿದರೆ 6 ಯೂನಿಟ್. ಮನೆಯದು ತಿಂಗಳಿಗೆ 90-95 ಇರ್ತಿತ್ತು, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್. ಆ ತಿಂಗಳು 200 ದಾಟಿತು. ದಾಟಿದರೆ ಹೆಚ್ಚಾದ ಯೂನಿಟ್‌ಗಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಒಂದೂವರೆ ಸಾವಿರದ ಆಸುಪಾಸು ಕಟ್ಟಿದೆ.

ಹಳೇ 100 ವ್ಯಾಟಿನ ಬಲ್ಬ್ ಹಾಕೋಣ ಅಂದರೆ ಅಂಗಡಿಯಲ್ಲಿ ಎಲ್ಇಡಿ ಕೊಡ್ತಾರೆ. ಅದರಲ್ಲಿ ಕಾವು ಎಲ್ಲಿಂದ ಬರಬೇಕು? ಆಗಲೇ ಸೆರಾಮಿಕ್ ಹೀಟರ್ ಬಲ್ಬ್ ಕಣ್ಣಿಗೆ ಬಿದ್ದಿದ್ದು. ಬಿಳಿ ಅಣಬೆಯ ಹಾಗಿರುತ್ತೆ. ಕಾವು ಕೊಡುತ್ತೆ, ಬೆಳಕಿಲ್ಲ. ಆನ್‌ಲೈನಿನಲ್ಲಿ 100 ವ್ಯಾಟಿನವು ಎರಡು ತರಿಸಿದೆ, ಒಂದಕ್ಕೆ ಐನೂರರ ಹತ್ತಿರ.

ಇದರದು ತಿರುಪಿನ ಬುಡ, ನಮ್ಮ ಮನೆಯ ಹೋಲ್ಡರ್ ಪಿನ್ನಿನದು. 30 ರೂಪಾಯಿಯ ಪ್ಲಾಸ್ಟಿಕ್ ಅಡಾಪ್ಟರ್ ತಂದು ಹಾಕಿದೆ. ಪುಣ್ಯಕ್ಕೆ ಮರಿ ಬಿಡುವ ಮುಂಚೆ ಖಾಲಿ ಕೋಣೆಯಲ್ಲಿ ಹಚ್ಚಿ ನೋಡಿದ್ದೆ. ಮುಕ್ಕಾಲು ಗಂಟೆಯಲ್ಲಿ ಅಡಾಪ್ಟರ್ ಬೆಲ್ಲದ ಪಾಕದ ಹಾಗೆ ಇಳಿಯಿತು. ಹುಬ್ಬಳ್ಳಿಗೆ ಹೋಗಿ ಪಿಂಗಾಣಿ ಹೋಲ್ಡರ್, ಬಿಸಿ ತಡೆಯುವ ವೈರು, ಕಬ್ಬಿಣದ ಸರಪಳಿ ತಂದೆ. ಈಗ ಒಂದೊಂದು ಹೀಟರಿಗೂ ಎರಡೆರಡು ಸರಪಳಿ. ವೈರಿನ ಮೇಲೆ ಒಂದು ತೂಕವೂ ಬೀಳಲ್ಲ. ಸುತ್ತ ಜಾಳಿಗೆ. ಹೊಟ್ಟಿಗೂ ಅದಕ್ಕೂ ಒಂದೂವರೆ ಅಡಿ. ಮೀಟರ್ ಪಕ್ಕ, ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ ಇಎಲ್‌ಸಿಬಿ. ಎಲ್ಲ ಸೇರಿ ಎರಡೂವರೆ ಸಾವಿರ ಚಿಲ್ಲರೆ ಆಯಿತು.

ಕಾವು ನೋಡಿ ಹೀಟರನ್ನು ತಾನೇ ಆನ್, ಬಂದ್ ಮಾಡುವ ಥರ್ಮೋಸ್ಟಾಟ್ ಬಗ್ಗೆ ಒಂದು ಮಾತು. ಅಗ್ಗದ್ದರಲ್ಲಿ ಒಳಗಿನ ಸ್ವಿಚ್ಚು, ಅಂದರೆ ರಿಲೇ, ಒಂದೊಂದು ಸಲ ಅಂಟಿಕೊಳ್ಳುತ್ತೆ. ಬಂದ್ ಆಗಿ ನಿಂತರೆ ಮರಿ ಥಂಡಿಗೆ ಹೋಗ್ತಾವೆ, ಆನ್ ಆಗೇ ಉಳಿದರೆ ಬೇಯ್ತಾವೆ. ಅದಕ್ಕೇ ಒಂದು ಹೀಟರ್ ಥರ್ಮೋಸ್ಟಾಟಿಗೆ, ಇನ್ನೊಂದು ನೇರ ಸ್ವಿಚ್ಚಿಗೆ. ಎರಡೂ ಕೋಣೆಯ ಒಂದೇ ಮೂಲೆಯಲ್ಲಿ, ಉಳಿದ ಅರ್ಧ ಕೋಣೆ ತಣ್ಣಗೇ ಇರಲಿ. ಸೆಕೆ ಆದರೆ ಮರಿ ತಾವೇ ಆ ಕಡೆ ನಡೀತಾವೆ. ಮೊದಲ ವಾರ 35, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸೋದು ಎಲ್ಲರಿಗೂ ಗೊತ್ತಿರೋದೇ. ಕಾವು ಅಳೆಯುವ ಸೆನ್ಸರ್ ಮರಿಯ ಬೆನ್ನಿನ ಎತ್ತರಕ್ಕಿರಬೇಕು. ಹೀಟರಿನಿಂದ ಎಷ್ಟು ದೂರ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಗೆಳೆಯ ನಕ್ಕಿದ್ದು ಪೂರ್ತಿ ತಪ್ಪಲ್ಲ ಅನ್ನಿ. ಮೊದಲ ರಾತ್ರಿ ಮರಿಗಳಿಗೆ ಕತ್ತಲಲ್ಲಿ ಕಾವು ಎಲ್ಲಿದೆ ಅಂತ ತಿಳಿಯಲಿಲ್ಲ. ಬಾಗಿಲ ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಗುಡ್ಡೆಯಾದವು. ಚಿಂವ್ ಚಿಂವ್ ಅನ್ನೋ ಸದ್ದೇ ಬೇರೆ ಇತ್ತು, ಗಂಟಲು ಹರಿಯುವ ಹಾಗೆ. ಮೂರು ಸತ್ತಿದ್ದು ಆಗಲೇ, ಅಡಿಯಲ್ಲಿ ಸಿಕ್ಕಿ. ದೇವರ ಕೋಣೆಯ ಜೀರೋ ಬಲ್ಬ್ ಬಿಚ್ಚಿ ತಂದು ಹೀಟರಿನ ಪಕ್ಕ ಹಾಕಿದೆ, ತಗಡಿನ ಸುತ್ತು ಕಟ್ಟಿ ಜಾಗ ಚಿಕ್ಕದು ಮಾಡಿದೆ. ಹತ್ತು ನಿಮಿಷದಲ್ಲಿ ಎಲ್ಲ ಅದರ ಸುತ್ತ ಬಂದು ಕೂತವು. ಮೂರನೇ ರಾತ್ರಿ ಜೀರೋ ಬಲ್ಬ್ ತೆಗೆದೆ. ಅಲ್ಲಿಂದ ಕತ್ತಲಲ್ಲೇ ನೇರ ಹೀಟರಿನ ಕೆಳಗೆ ಹೋಗಿ ಮಲಗ್ತಿದ್ದವು. ರಾತ್ರಿ ಪೂರ್ತಿ ನಿದ್ದೆ, ಒಂದನ್ನೊಂದು ಕುಕ್ಕೋದೂ ಇಲ್ಲ. ಕೆಂಪು ಬಲ್ಬಿನ ಬ್ಯಾಚಿಗಿಂತ ಗರಿ ಬೇಗ ಬಂದ ಹಾಗೆ ನನಗೆ ಕಂಡಿತು.

ನಡುವೆ ಕೆಲವು ಹುಚ್ಚಾಟವೂ ಆದವು. ಮಾವನ ಬೆನ್ನುನೋವಿನ ಹೀಟಿಂಗ್ ಪ್ಯಾಡ್ ಕೆಳಗೆ ಹಾಸಿ ನೋಡಿದೆ. ಅದು ಒಂದೂವರೆ ಗಂಟೆಗೆ ತಾನೇ ಬಂದ್ ಆಗುತ್ತೆ, ರಾತ್ರಿಯಿಡೀ ಎದ್ದು ಗುಂಡಿ ಒತ್ತುತ್ತಾ ಕೂರಬೇಕು. ಮಾವನೂ ಬೈದರು. ಇನ್ನೊಂದು ಸಲ ಗಾಳಿಗೆ ಅಡ್ಡ ಅಂತ ಗೋಣಿಚೀಲ ಕಟ್ಟಿದೆ. ಅವು ಮುಂಚೆ ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಚೀಲ! ಮರಿ ಸೀನಿದವು, ನಾನೂ ಸೀನಿದೆ. ಚೀಲ ಬಿಚ್ಚಿದ ಮೇಲೂ ಎರಡು ದಿನ ಕೋಣೆಯಲ್ಲಿ ಘಾಟು ಹೋಗಲಿಲ್ಲ.

ಕರೆಂಟ್ ಹೋದರೆ ಈಗ ಇದ್ದಲಿನ ಮಾತೇ ಇಲ್ಲ. ಎರಡು ಲೀಟರಿನ ಬಾಟಲಿಗೆ ಬಿಸಿನೀರು ತುಂಬಿ, ಹಳೇ ಲುಂಗಿ ಸುತ್ತಿ ನಾಲ್ಕು ಕಡೆ ಇಡ್ತೇನೆ. ಎರಡು ತಾಸು ನಡೆಯುತ್ತೆ. ಮರಿ ಕುಡಿಯುವ ಮೊದಲ ದಿನದ ನೀರಿಗೆ ಬೆಲ್ಲದ ಜೊತೆ ನಾನು ಇನ್ನೊಂದು ಸಾಮಾನು ಹಾಕ್ತೇನೆ. ಅದನ್ನ ಬರೆಯಲ್ಲ.

ಮೂರು ವಾರಕ್ಕೆ ಹೀಟರ್ ತಿಂದದ್ದು 50-55 ಯೂನಿಟ್. ಎರಡನೇ ವಾರದಿಂದ ಹಗಲು ಎರಡೂ ಬಂದ್ ಮಾಡ್ತಿದ್ದೆ. ಈ ಸಲ 200 ದಾಟಲಿಲ್ಲ, ಹೆಚ್ಚಾದ ಯೂನಿಟ್ಟಿಗಷ್ಟೇ ಬಿಲ್ಲು, ಅದೂ ಮುನ್ನೂರರ ಒಳಗೆ ಬಂತು. ತಿಂಗಳ ಮರಿ 110ರಂತೆ 60 ಮಾರಿದೆ, ಉಳಿದವು ಮನೆಗೆ. ಶ್ರಾವಣದಲ್ಲಿ ಯಾರೂ ತಗೊಳ್ಳಲ್ಲ, ಹಾಗಾಗಿ ಮುಂದಿನ ಬ್ಯಾಚ್ ಶ್ರಾವಣ ಮುಗಿಯೋ ಹೊತ್ತಿಗೆ ತಿಂಗಳು ತುಂಬೋ ಹಾಗೆ ಲೆಕ್ಕ ಹಾಕಿ 100 ಮರಿ ಹೇಳಿದ್ದೇನೆ. ಮಳೆಗಾಲದ ಥಂಡಿಗೆ ಮೂರನೇ ಹೀಟರ್ ಬೇಕಾಗಬಹುದು. ಪಿಂಗಾಣಿ ಹೋಲ್ಡರ್ ಈಗಲೇ ತಂದಿಟ್ಟಿದ್ದೇನೆ.